ಮಾದರಿ ಕಾರಿನ ಕಿಟಕಿ, ದೀಪಗಳಿಗೆ ಪಾರದರ್ಶಕ ಪ್ಲಾಸ್ಟಿಕ್: 1959ರ ಇಂಪಾಲಾದ ಕೆಲಸದ ದಾಖಲೆ

1/25 ಅಳತೆಯ 1959ರ ಶೆವ್ರೊಲೆ ಇಂಪಾಲಾ ಸ್ಪೋರ್ಟ್ ಕೂಪೆಯ ಹಳೆಯ ಕಿಟ್ (ಬಿಡಿಭಾಗಗಳನ್ನು ಜೋಡಿಸಿ ಮಾದರಿ ಮಾಡುವ ಪೆಟ್ಟಿಗೆ) ಒಂದು ನನ್ನ ಮೇಜಿನ ಮೇಲಿದೆ. ಬಾಡಿ, ಚಾಸಿ, ಒಳಾಂಗಣ, ಕ್ರೋಮ್ ಭಾಗಗಳೆಲ್ಲ ಚೆನ್ನಾಗಿವೆ. ಹಾಳಾಗಿರುವುದು ಪಾರದರ್ಶಕ ಭಾಗಗಳು ಮಾತ್ರ. ವಿಂಡ್‌ಶೀಲ್ಡಿನ ಕೆಳಮೂಲೆಯಿಂದ ಹೊರಟ ಬಿರುಕು ಮಧ್ಯದವರೆಗೆ ಹಬ್ಬಿದೆ, ಹಿಂಬದಿಯ ಗಾಜು ಉಳಿದ ಬಿಡಿಭಾಗಗಳಿಗೆ ಉಜ್ಜಿ ಗೀರುಗೀರಾಗಿದೆ, ನಾಲ್ಕು ಹೆಡ್‌ಲೈಟ್ ಮಸೂರಗಳಲ್ಲಿ ಎರಡು ಕಾಣೆಯಾಗಿವೆ. ಪಕ್ಕದ ಕಿಟಕಿಗಳಿಗಂತೂ ಪೆಟ್ಟಿಗೆಯಲ್ಲಿ ಗಾಜೇ ಇರಲಿಲ್ಲ. ಹೀಗಾಗಿ ಸಮತಟ್ಟಾದ ಗಾಜು, ಎರಡೂ ದಿಕ್ಕಿಗೆ ಬಾಗಿದ ಗಾಜು, ಮಸೂರ, ಬಣ್ಣದ ದೀಪ ಇಷ್ಟಕ್ಕೂ ಒಂದೇ ಕಾರಿನಲ್ಲಿ ವಸ್ತುಗಳನ್ನು ಆರಿಸುವ ಕೆಲಸ ಒದಗಿತು. ಯಾವುದನ್ನು ಏಕೆ ಆರಿಸಿದೆ ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಪಾರದರ್ಶಕ ವಸ್ತು ಎಂದೊಡನೆ ಎಲ್ಲರೂ ಮೊದಲು ಕೇಳುವುದು ಅದು ಎಷ್ಟು ತಿಳಿಯಾಗಿದೆ ಎಂದು. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಗೆ ಅಷ್ಟು ಮಹತ್ವವಿಲ್ಲ. ಅಕ್ರಿಲಿಕ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 92 ಪ್ರತಿಶತವನ್ನು ಹಾಯಗೊಡುತ್ತದೆ, ಕಿಟ್‌ನ ಗಾಜನ್ನು ಮಾಡಿರುವ ಪಾಲಿಸ್ಟೈರೀನ್ ಸುಮಾರು 90 ಪ್ರತಿಶತವನ್ನು. ಈ ನಷ್ಟದ ಬಹುಪಾಲು ವಸ್ತುವಿನೊಳಗೆ ಆಗುವುದಲ್ಲ, ಎರಡು ಮೇಲ್ಮೈಗಳಲ್ಲಿ ಬೆಳಕು ಪ್ರತಿಫಲಿಸುವುದರಿಂದ ಆಗುವುದು. ನಿಜವಾದ ಗಾಜೂ ಇದರಿಂದ ತಪ್ಪಿಸಿಕೊಳ್ಳಲಾರದು. ಕಾಲು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಈ ಎರಡು ಪ್ರತಿಶತದ ವ್ಯತ್ಯಾಸವನ್ನು ಕಣ್ಣು ಗುರುತಿಸುವುದಿಲ್ಲ. ಕಣ್ಣು ತಕ್ಷಣ ಗುರುತಿಸುವುದು ದಪ್ಪವನ್ನು ಮತ್ತು ಮೇಲ್ಮೈಯ ಅಲೆಗಳನ್ನು. ಆ ಕಾಲದ ಕಾರುಗಳ ವಿಂಡ್‌ಶೀಲ್ಡ್ ಸುಮಾರು 6 ಮಿ.ಮೀ. ದಪ್ಪವಿರುತ್ತಿತ್ತು, 25ರಿಂದ ಭಾಗಿಸಿದರೆ 0.24 ಮಿ.ಮೀ. ಆಗುತ್ತದೆ. ಕಿಟ್‌ನ ಗಾಜನ್ನು ಕ್ಯಾಲಿಪರ್‌ನಿಂದ ಅಳೆದಾಗ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಬಂತು. ಎಂದರೆ ನಿಜವಾದ ಕಾರಿನಲ್ಲಿ 25 ಮಿ.ಮೀ. ಮೀರಿದ ಗಾಜು! ಅಷ್ಟು ದಪ್ಪ ಗುಂಡುನಿರೋಧಕ ವಾಹನಕ್ಕಷ್ಟೇ ಒಪ್ಪುತ್ತದೆ. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬಿಸುವಾಗ ಅದಕ್ಕಿಂತ ತೆಳುವಾದ ಪದರದಲ್ಲಿ ಅದು ಮೂಲೆಮೂಲೆಗೆ ತಲುಪುವುದು ಕಷ್ಟವಾದ್ದರಿಂದ ತಯಾರಕರು ಆ ದಪ್ಪವನ್ನು ಇಟ್ಟುಕೊಳ್ಳುತ್ತಾರೆ.

ಇಂಪಾಲಾ ಸ್ಪೋರ್ಟ್ ಕೂಪೆಯಲ್ಲಿ ಈ ದಪ್ಪದ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಇದು ಎರಡು ಕಿಟಕಿಗಳ ನಡುವೆ ಕಂಬವಿಲ್ಲದ ಹಾರ್ಡ್‌ಟಾಪ್ ಕಾರು. ಕಿಟಕಿಯ ಗಾಜನ್ನು ಅರ್ಧ ಇಳಿಸಿ ತೋರಿಸಿದರೆ ಅದರ ಮೇಲಂಚು ಯಾವ ಚೌಕಟ್ಟಿನ ಆಸರೆಯೂ ಇಲ್ಲದೆ ಬಯಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಇಟ್ಟರೆ ಉಳಿದ ಎಲ್ಲ ಶ್ರಮವೂ ವ್ಯರ್ಥ.

ಕೈಯಲ್ಲಿರುವ ಪ್ಲಾಸ್ಟಿಕ್ ಯಾವುದು?

ನನ್ನ ಸಂಗ್ರಹದಲ್ಲಿ ಬಗೆಬಗೆಯ ಪಾರದರ್ಶಕ ಹಾಳೆಗಳಿವೆ. ಕೆಲವನ್ನು ಹಾಳೆಯಾಗಿಯೇ ಕೊಂಡದ್ದು, ಕೆಲವು ವಸ್ತುಗಳ ಹೊದಿಕೆಯಿಂದ ಕತ್ತರಿಸಿಟ್ಟದ್ದು. ನೋಟಕ್ಕೆ ಎಲ್ಲವೂ ಒಂದೇ, ಗುಣದಲ್ಲಿ ಮಾತ್ರ ಬೇರೆಬೇರೆ. ಆದ್ದರಿಂದ ಕೆಲಸಕ್ಕೆ ಮೊದಲು ಅವುಗಳನ್ನು ಗುರುತಿಸಿಕೊಳ್ಳುವುದು ಅಗತ್ಯ. ಹೊದಿಕೆಗಳ ಮೇಲೆ ತ್ರಿಕೋನದೊಳಗೆ ಅಚ್ಚಾಗಿರುವ ಮರುಬಳಕೆಯ ಸಂಖ್ಯೆ ಅತ್ಯಂತ ಸುಲಭದ ಸುಳಿವು: 1 ಎಂದರೆ ಪಿಇಟಿ, 3 ಎಂದರೆ ಪಿವಿಸಿ, 6 ಎಂದರೆ ಪಾಲಿಸ್ಟೈರೀನ್. ಸಂಖ್ಯೆ ಇಲ್ಲದ ತುಂಡನ್ನು ನೀರಿನಲ್ಲಿ ಪರೀಕ್ಷಿಸಬಹುದು. ಪಾಲಿಸ್ಟೈರೀನಿನ ಸಾಂದ್ರತೆ ಸುಮಾರು 1.05 ಇರುವುದರಿಂದ ಅದು ತಿಳಿನೀರಿನಲ್ಲಿ ಮುಳುಗುತ್ತದೆ, ಉಪ್ಪು ಇನ್ನು ಕರಗದಷ್ಟು ಬೆರೆಸಿದ ನೀರಿನಲ್ಲಿ ತೇಲುತ್ತದೆ. ಪಿಇಟಿ, ಪಿವಿಸಿ, ಅಸಿಟೇಟ್ ಮೂರೂ ಎರಡರಲ್ಲೂ ಮುಳುಗುತ್ತವೆ. ತುಂಡಿಗೆ ಗಾಳಿಯ ಗುಳ್ಳೆ ಅಂಟಿದ್ದರೆ ಫಲಿತಾಂಶ ತಪ್ಪಾಗುವುದರಿಂದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಬೇಕು. ಸುಟ್ಟು ವಾಸನೆ ನೋಡುವ ಪದ್ಧತಿಯನ್ನು ಯಾರೂ ಅನುಸರಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪಿವಿಸಿ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಪ್ರಿಯವಾದದ್ದು. ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಧ್ರುವೀಕೃತವಾಗಿರುತ್ತದೆ. ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಕಿಟ್‌ನ ಗಾಜನ್ನು ಹಿಡಿದರೆ ಅದರೊಳಗಿನ ಒತ್ತಡವೆಲ್ಲ ಬಣ್ಣದ ಪಟ್ಟೆಗಳಾಗಿ ಕಾಣಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗಿದ ಜಾಗದಲ್ಲಿ ಪಟ್ಟೆಗಳು ಅತ್ಯಂತ ದಟ್ಟವಾಗಿರುತ್ತವೆ. ನನ್ನ ವಿಂಡ್‌ಶೀಲ್ಡಿನ ಬಿರುಕು ಹೊರಟಿರುವುದು ನಿಖರವಾಗಿ ಅಂತಹ ಜಾಗದಿಂದಲೇ. ಒತ್ತಡ ತುಂಬಿದ ಪಾಲಿಸ್ಟೈರೀನಿಗೆ ಕರಗಿಸಿ ಬೆಸೆಯುವ ದ್ರವರೂಪದ ಅಂಟು ತಾಗಿದರೆ ಅದು ಕೂದಲೆಳೆಯ ಬಿರುಕುಗಳನ್ನು ಬಿಡುತ್ತದೆ. ಆದ್ದರಿಂದ ಗಾಜನ್ನು ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸುವ ಮೊದಲೇ ಈ ಪಟ್ಟೆಗಳನ್ನು ನೋಡಿಟ್ಟುಕೊಂಡರೆ ಎಲ್ಲಿ ಬಲ ಹಾಕಬಾರದು, ಎಲ್ಲಿ ಅಂಟು ಸೋಕಬಾರದು ಎಂಬುದು ತಿಳಿಯುತ್ತದೆ.

ಗುಣಗಳನ್ನು ತೂಗಿ ನೋಡಿದಾಗ ಕೆಲವು ವಸ್ತುಗಳು ತಾವಾಗಿಯೇ ಹಿಂದೆ ಸರಿದವು. ಅಸಿಟೇಟ್ ಹಾಳೆಯನ್ನು ಮಾದರಿಕಾರರು ಬಹುಕಾಲದಿಂದ ಬಳಸಿದ್ದಾರೆ. ಕತ್ತರಿಸಲು ಸುಲಭ, ಅಂಟೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಮತ್ತು ಅಂಚುಗಳನ್ನು ಅಂಟಿಸಿ ಬಂಧಿಸಿದ ಹಾಳೆ ಹಿಗ್ಗಿದರೆ ನಡುವೆ ಉಬ್ಬಲೇಬೇಕು. ವರ್ಷಗಳು ಕಳೆದಂತೆ ಅದು ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಹಳೆಯ ಫಿಲ್ಮ್ ಸುರುಳಿಗಳ ಡಬ್ಬಿ ತೆರೆದಾಗ ಬರುವ ವಿನಿಗರ್ ವಾಸನೆಗೆ ಕಾರಣ ಇದೇ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಗೆ ಇದು ತಕ್ಕದ್ದಲ್ಲ. ಮೆದುವಾದ ಪಿವಿಸಿಯಲ್ಲಿ ಬೆರೆಸಿರುವ ಮೃದುಕಾರಕ ದ್ರವ್ಯ ನಿಧಾನವಾಗಿ ಹೊರಬಂದು ತನಗೆ ತಾಗಿರುವ ಬಣ್ಣವನ್ನೂ ಪಾಲಿಸ್ಟೈರೀನನ್ನೂ ಮೆತ್ತಗಾಗಿಸುತ್ತದೆ. ಪ್ರೊಜೆಕ್ಟರ್ ಹಾಳೆಯಾಗಿ ಸಿಗುವ ಪಾಲಿಯೆಸ್ಟರ್ ಫಿಲ್ಮ್ ತುಂಬ ತಿಳಿಯಾದದ್ದು, ಹರಿಯದಷ್ಟು ಗಟ್ಟಿ, ಆದರೆ ಸುಮಾರು 0.1 ಮಿ.ಮೀ. ದಪ್ಪದಲ್ಲಿ ದೊಡ್ಡ ಕಿಟಕಿಯನ್ನು ತುಂಬಿದರೆ ಅಲೆಯಾಗಿ ನಿಲ್ಲುತ್ತದೆ. ಎರಡೂ ದಿಕ್ಕಿಗೆ ಎಳೆದು ತಯಾರಿಸಿದ ಫಿಲ್ಮ್ ಆದ್ದರಿಂದ ಬಿಸಿ ಮಾಡಿದರೆ ಅಚ್ಚಿನ ಆಕಾರ ಪಡೆಯುವ ಬದಲು ಮುದುಡುತ್ತದೆ. ಪಾಲಿಕಾರ್ಬನೇಟ್ ಬಲವಾದದ್ದು ನಿಜ, ಆದರೆ ಅದು ಮೃದುವಾಗಲು 147 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ತಲುಪಬೇಕು, ಮತ್ತು ಮೊದಲೇ ಗಂಟೆಗಟ್ಟಲೆ ಒಣಗಿಸದಿದ್ದರೆ ಹೀರಿಕೊಂಡ ತೇವ ಆವಿಯಾಗಿ ಹಾಳೆಯೊಳಗೆ ಗುಳ್ಳೆಗಳೇಳುತ್ತವೆ.

ಉಳಿದವು ಪಿಇಟಿಜಿ, ಅಕ್ರಿಲಿಕ್, ಮತ್ತು ಕಿಟ್‌ನದೇ ಪಾಲಿಸ್ಟೈರೀನ್. ಪಿಇಟಿಜಿ ಪಿಇಟಿಯ ಸೋದರ. ಅದರ ರಚನೆಯಲ್ಲಿ ಮಾಡಿರುವ ಸಣ್ಣ ಬದಲಾವಣೆಯಿಂದ ಅದು ಬಿಸಿಯಾದಾಗ ಹರಳುಗಟ್ಟಿ ಬಿಳಿಚುವುದಿಲ್ಲ. ಸುಮಾರು 80 ಡಿಗ್ರಿಯಲ್ಲಿ ಮೆದುವಾಗತೊಡಗುತ್ತದೆ, ಸಾಮಾನ್ಯವಾಗಿ ಮುಂಚಿತವಾಗಿ ಒಣಗಿಸುವ ಅಗತ್ಯವಿರುವುದಿಲ್ಲ, ತೆಳುವಾದ ಸಮತಟ್ಟು ಹಾಳೆಗಳಾಗಿ ಸಿಗುತ್ತದೆ. ಈ ಕಾರಿನ ಬಹುಭಾಗಕ್ಕೆ ಇದನ್ನೇ ಆರಿಸಿಕೊಂಡೆ.

ಪಕ್ಕದ ಕಿಟಕಿಗಳು

ಅಮೆರಿಕದಲ್ಲಿ ಬಾಗಿದ ಪಕ್ಕದ ಗಾಜು 1957ರ ಇಂಪೀರಿಯಲ್ ಕಾರಿನೊಂದಿಗೆ ಬಂದಿತ್ತಾದರೂ 1959ರ ಶೆವ್ರೊಲೆಯ ಪಕ್ಕದ ಗಾಜುಗಳು ಸಮತಟ್ಟಾಗಿಯೇ ಇದ್ದವು. ಹೀಗಾಗಿ ಇಲ್ಲಿ 0.25 ಮಿ.ಮೀ. ಪಿಇಟಿಜಿ ಹಾಳೆಯನ್ನು ನೇರವಾಗಿ ಕತ್ತರಿಸಿದರೆ ಸಾಕು. ಸುರುಳಿ ಸುತ್ತಿಟ್ಟ ಹಾಳೆ ತನ್ನ ಬಾಗನ್ನು ಮರೆಯುವುದಿಲ್ಲವಾದ್ದರಿಂದ ಸಮತಟ್ಟಾಗಿ ಇಟ್ಟು ಮಾರಿದ ಹಾಳೆಯನ್ನೇ ಬಳಸಿದೆ. ಕಾಗದದಲ್ಲಿ ನಮೂನೆ ಕತ್ತರಿಸಿ, ಕಿಟಕಿಯ ತೆರಪಿಗೆ ಹೊಂದಿಸಿ ತಿದ್ದಿ, ಅದನ್ನು ಹಾಳೆಯ ಅಡಿಯಲ್ಲಿಟ್ಟು ಮೇಲಿನಿಂದ ಬ್ಲೇಡಿನ ಹಗುರ ಎಳೆತಗಳಿಂದ ಗೀರಿದೆ. ಒಂದೇ ಎಳೆತಕ್ಕೆ ಕತ್ತರಿಸಲು ಹೊರಟರೆ ಅಂಚು ಮೇಲೇಳುತ್ತದೆ, ಮತ್ತು ಆ ಏಣು ಬೆಳಕಿನಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ರಕ್ಷಣಾ ಪದರವನ್ನು ಕೊನೆಯವರೆಗೂ ಸುಲಿಯಬಾರದು.

ಪಾರದರ್ಶಕ ಹಾಳೆಯ ಕತ್ತರಿಸಿದ ಅಂಚು ಏಕೆ ಹೊಳೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅದಕ್ಕೆ ಪರಿಹಾರವೂ ಹೊಳೆಯುತ್ತದೆ. ಪಿಇಟಿಜಿಯ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.57; ಹಾಳೆಯ ಮೇಲ್ಮೈಗೆ ಎಳೆದ ಲಂಬದಿಂದ ಸುಮಾರು 40 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಒಳಗಿನಿಂದ ಬಡಿದ ಬೆಳಕು ಹೊರಗೆ ಹೋಗಲಾರದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ಹೀಗೆ ಹಾಳೆಯೊಳಗೆ ಸೆರೆಸಿಕ್ಕ ಬೆಳಕು ಪುಟಿಯುತ್ತ ಸಾಗಿ ಕೊನೆಗೆ ಅಂಚಿನಲ್ಲಿ ಹೊರಬೀಳುತ್ತದೆ. ಚೌಕಟ್ಟಿನೊಳಗೆ ಅಡಗುವ ಅಂಚುಗಳಿಗೆಲ್ಲ ನಾನು ತೆಳುವಾಗಿ ಕಪ್ಪು ಬಣ್ಣ ಬಳಿಯುತ್ತೇನೆ. ಸೆರೆಸಿಕ್ಕ ಬೆಳಕನ್ನು ಕಪ್ಪು ಬಣ್ಣ ನುಂಗಿಬಿಡುತ್ತದೆ, ಜೊತೆಗೆ ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯ ನೆರಳೂ ಸಹಜವಾಗಿ ಮೂಡುತ್ತದೆ. ಇಳಿಸಿದ ಗಾಜಿನ ಮೇಲಂಚನ್ನು ಮಾತ್ರ ಕಪ್ಪಾಗಿಸದೆ 2000 ಗ್ರಿಟ್ಟಿನ (ಈ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಸ್ಯಾಂಡ್‌ಪೇಪರಿನಿಂದ ತಿದ್ದಿ ಪಾಲಿಶ್ ಮಾಡಿದೆ. ನಿಜವಾದ ಗಾಜಿನ ಮೇಲಂಚೂ ಹಾಗೆಯೇ ತುಸು ಹೊಳೆಯುತ್ತದೆ.

ಮುಂದಿನ ತ್ರಿಕೋನಾಕಾರದ ಸಣ್ಣ ಕಿಟಕಿಯನ್ನು ಬಿಳಿ ಪಿವಿಎ ಅಂಟಿನಿಂದ ತುಂಬುವ ಪದ್ಧತಿಯೊಂದಿದೆ. ಅಂಟನ್ನು ತೆರಪಿನ ಒಂದು ಬದಿಯಿಂದ ಇನ್ನೊಂದಕ್ಕೆ ಕಡ್ಡಿಯಿಂದ ಎಳೆದರೆ ಮೇಲ್ಮೈ ಸೆಳೆತದಿಂದ ಪೊರೆಯಾಗಿ ನಿಂತು ಒಣಗಿದಾಗ ತಿಳಿಯಾಗುತ್ತದೆ. ಐದಾರು ಮಿಲಿಮೀಟರಿಗಿಂತ ಚಿಕ್ಕ ತೆರಪುಗಳಿಗೆ ಇದು ಸೊಗಸಾದ ಉಪಾಯ. ಆದರೆ ಪೊರೆ ನಡುವೆ ತೆಳುವಾಗಿ ಅಂಚಿನಲ್ಲಿ ದಪ್ಪವಾಗುವುದರಿಂದ ಅದರ ಹಿಂದಿನ ದೃಶ್ಯ ಡೊಂಕಾಗುತ್ತದೆ. ಇಂಪಾಲಾದ ತ್ರಿಕೋನ ಕಿಟಕಿ ಆ ಮಿತಿಯನ್ನು ದಾಟಿದ್ದರಿಂದ ಅಲ್ಲಿಯೂ ಹಾಳೆಯನ್ನೇ ಕತ್ತರಿಸಿ ಕೂರಿಸಿದೆ. ಪಿವಿಎ ಅಂಟು ನನಗೆ ಉಪಯೋಗಕ್ಕೆ ಬಂದದ್ದು ಡ್ಯಾಶ್‌ಬೋರ್ಡಿನಲ್ಲಿ: ಪ್ರತಿ ಮೀಟರಿನ ಮುಖದ ಮೇಲೆ ಒಂದೊಂದು ಸಣ್ಣ ಹನಿ ಬಿಟ್ಟಾಗ ಅದು ಒಣಗಿ ಗಾಜಿನ ಬಿಲ್ಲೆಯಂತೆ ನಿಂತಿತು.

ವಿಂಡ್‌ಶೀಲ್ಡ್: ಎರಡು ದಿಕ್ಕಿನ ಬಾಗು

ಸಮತಟ್ಟಾದ ಹಾಳೆ ಒಂದು ದಿಕ್ಕಿಗೆ ಮಾತ್ರ ಬಾಗಬಲ್ಲದು. ಅದನ್ನು ಕೊಳವೆಯಾಗಿಸಬಹುದು, ಶಂಕುವಾಗಿಸಬಹುದು. ಗೋಳದ ಮೇಲೆ ಸುಕ್ಕಿಲ್ಲದೆ ಹೊದಿಸಲಾಗದು. 1953ರ ಕ್ಯಾಡಿಲಾಕ್ ಎಲ್ಡೊರಾಡೊದಿಂದ ಆರಂಭವಾಗಿ ಆ ದಶಕದ ಅಮೆರಿಕನ್ ಕಾರುಗಳಲ್ಲಿ ಪಕ್ಕಗಳಿಗೆ ಸುತ್ತಿ ಬರುವ ವಿಂಡ್‌ಶೀಲ್ಡ್‌ಗಳು ಹರಡಿದವು. 1959ರ ಹೊತ್ತಿಗೆ ಅವು ಪಕ್ಕಕ್ಕಷ್ಟೇ ಅಲ್ಲದೆ ಮೇಲೆ ಛಾವಣಿಯ ಕಡೆಗೂ ಬಾಗಿದ್ದವು. ಆದ್ದರಿಂದ ಇಂಪಾಲಾದ ವಿಂಡ್‌ಶೀಲ್ಡನ್ನು ಹಾಳೆಯಿಂದ ಕತ್ತರಿಸಿ ಬಾಗಿಸಿ ಕೂರಿಸುವ ಮಾತೇ ಇಲ್ಲ. ಬಿಸಿ ಮಾಡಿದ ಹಾಳೆಯನ್ನು ಅಚ್ಚಿನ ಮೇಲೆ ಗಾಳಿ ಸೆಳೆದು ಕೂರಿಸುವುದೊಂದೇ ದಾರಿ.

ಅಚ್ಚನ್ನು ಹೇಗೆ ಪಡೆಯುವುದು ಎಂಬುದನ್ನು ಸಾವಧಾನವಾಗಿ ಯೋಚಿಸಬೇಕಾಯಿತು. ಕಿಟ್‌ನ ಗಾಜಿನ ಮೇಲೆಯೇ ಹಾಳೆಯನ್ನು ಎಳೆಯುವಂತಿಲ್ಲ, ಏಕೆಂದರೆ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಎಳೆಯುವ ಹೊತ್ತಿನಲ್ಲಿ ಹಾಳೆ ಅದಕ್ಕಿಂತ ಹೆಚ್ಚು ಬಿಸಿಯಿರುತ್ತದೆ. ಗಾಜಿನ ಒಳಮೈಗೆ ಪ್ಲಾಸ್ಟರ್ ತುಂಬಿ ಅಚ್ಚು ತೆಗೆಯುವುದು ಸುಲಭವಾದರೂ ಹಾಗೆ ಮಾಡಿದರೆ ಹೊಸ ಗಾಜು ಹಳೆಯದರ ಒಳಮೈಯ ಜಾಗದಲ್ಲಿ ಕೂರುತ್ತದೆ. ಬಾಡಿಗೆ ತಾಗಬೇಕಾದ ಹೊರಮೈಯಿಂದ ಮುಕ್ಕಾಲು ಮಿಲಿಮೀಟರಿನಷ್ಟು ಒಳಗೆ ಸರಿದು ಬಾಗು ಬಿಗಿಯಾಗುತ್ತದೆ. ಆದ್ದರಿಂದ ಮೊದಲು ಬಿರುಕನ್ನು ಹೊರಗಿನಿಂದ ತುಂಬಿ ನುಣುಪು ಮಾಡಿ, ಗಾಜಿನ ಹೊರಮೈಯನ್ನು ಸಿಲಿಕೋನ್ ರಬ್ಬರಿನಲ್ಲಿ ಅಚ್ಚೊತ್ತಿ, ಆ ಗುಳಿಯಲ್ಲಿ ಗಟ್ಟಿ ಎಪಾಕ್ಸಿಯನ್ನು ಎರಕ ಹೊಯ್ದೆ. ಈಗ ಎಪಾಕ್ಸಿಯ ಉಬ್ಬು ಹಳೆಯ ಗಾಜಿನ ಹೊರಮೈಯನ್ನೇ ಹೋಲುತ್ತದೆ. ಹೊಸ ಹಾಳೆಯ ದಪ್ಪದಷ್ಟು ಮಾತ್ರ ಅಳತೆ ಹಿಗ್ಗುತ್ತದೆ, ಅದನ್ನು ಅಂಚು ತಿದ್ದುವಾಗ ಸರಿಪಡಿಸಿಕೊಳ್ಳಬಹುದು.

ಎರಕವನ್ನು ಹತ್ತು ಮಿಲಿಮೀಟರ್ ಎತ್ತರದ ಪೀಠದ ಮೇಲೆ ನಿಲ್ಲಿಸಿದೆ. ಹಾಳೆ ಅಚ್ಚಿನ ಬುಡಕ್ಕೆ ಬಂದಾಗ ಅಗಲವಾಗಿ ಹರಡಿಕೊಳ್ಳುತ್ತದೆ, ಮೂಲೆಗಳಲ್ಲಿ ಮಡಿಕೆ ಬೀಳುತ್ತದೆ. ಪೀಠವಿದ್ದರೆ ಆ ದೋಷಗಳೆಲ್ಲ ನಾವು ಕತ್ತರಿಸುವ ಗೆರೆಗಿಂತ ಕೆಳಗೆ ಉಳಿಯುತ್ತವೆ. ಅಚ್ಚಿನ ಮೈಯನ್ನು 2000 ಗ್ರಿಟ್ಟಿನವರೆಗೆ ಉಜ್ಜಿ ಪಾಲಿಶ್ ಮಾಡಿದೆ, ಏಕೆಂದರೆ ಅಚ್ಚಿನ ಮೇಲಿನ ಒಂದು ಧೂಳಿನ ಕಣವೂ ಬಿಸಿ ಹಾಳೆಯ ಒಳಮೈಯಲ್ಲಿ ಗುಳಿಯಾಗಿ ಅಚ್ಚಾಗುತ್ತದೆ. ತಣ್ಣಗಿನ ಅಚ್ಚಿಗೆ ತಾಗಿದ ಹಾಳೆ ತಾಗಿದಲ್ಲೇ ಹೆಪ್ಪುಗಟ್ಟಿ ಅಲೆಯಾಗುವುದರಿಂದ ಹೇರ್ ಡ್ರೈಯರಿನಿಂದ ಅಚ್ಚನ್ನು ಮುಟ್ಟಲು ಬೆಚ್ಚಗಾಗುವಷ್ಟು ಕಾಯಿಸಿಕೊಂಡೆ.

ಎಳೆಯುವ ಸಾಧನ ಸರಳವಾದದ್ದು: ಮೇಲ್ಭಾಗದಲ್ಲಿ ರಂಧ್ರಗಳನ್ನು ಕೊರೆದ ಮರದ ಪೆಟ್ಟಿಗೆ, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸೇರಿಸುವ ತೂತು. 0.5 ಮಿ.ಮೀ. ಪಿಇಟಿಜಿ ಹಾಳೆಯ ಎರಡೂ ಬದಿಯ ರಕ್ಷಣಾ ಪದರವನ್ನು ಸುಲಿದು, ಚೌಕಟ್ಟಿನಲ್ಲಿ ಬಿಗಿದು, ಶಾಖದ ಕೆಳಗೆ ಹಿಡಿದೆ. ಹಾಳೆ ಮೊದಲು ಬಿಗಿಯಾಗುತ್ತದೆ, ಆಮೇಲೆ ಅಲೆಯಾಗುತ್ತದೆ, ಕೊನೆಗೆ ಅಲೆಗಳೆಲ್ಲ ಮಾಯವಾಗಿ ಸಮನಾಗಿ ಒಂದು ಸೆಂಟಿಮೀಟರಿನಷ್ಟು ಜೋತುಬೀಳುತ್ತದೆ. ಆ ಗಳಿಗೆಯೇ ಎಳೆಯಬೇಕಾದ ಗಳಿಗೆ. ಇನ್ನೂ ಕಾಯಿಸಿದರೆ ಹಾಳೆ ತೀರಾ ತೆಳುವಾಗುತ್ತದೆ, ಗುಳ್ಳೆಗಳೂ ಏಳಬಹುದು. ಎಳೆದ ಮೇಲೆ ಪೂರ್ತಿ ತಣಿಯುವವರೆಗೂ ಗಾಳಿಯ ಸೆಳೆತವನ್ನು ನಿಲ್ಲಿಸಬಾರದು. ಹೊರತೆಗೆದು ಅಳೆದಾಗ ದಪ್ಪ ಸುಮಾರು 0.35 ಮಿ.ಮೀ. ಆಗಿತ್ತು; ನಿಜವಾದ ಕಾರಿನ ಲೆಕ್ಕದಲ್ಲಿ 9 ಮಿ.ಮೀ.ಗೆ ಸಮೀಪ. ಸೈದ್ಧಾಂತಿಕ ಅಳತೆಗಿಂತ ಹೆಚ್ಚೇ, ಆದರೂ ಹಳೆಯ ಗಾಜಿನ ಮೂರನೆಯ ಒಂದು ಭಾಗ. 0.25 ಮಿ.ಮೀ. ಹಾಳೆಯಿಂದಲೂ ಎಳೆಯಬಹುದಾಗಿತ್ತು, ಆದರೆ ಅದು ಮೂಲೆಗಳಲ್ಲಿ ಇನ್ನಷ್ಟು ತೆಳುವಾಗಿ ಬೆರಳು ತಾಗಿದರೂ ಬಾಗುತ್ತದೆ, ಮತ್ತು ಇಷ್ಟು ಅಗಲದ ವಿಂಡ್‌ಶೀಲ್ಡಿಗೆ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುವ ಬಿಗುವು ಬೇಕು.

ಕತ್ತರಿಸುವಾಗ ಗಾಜನ್ನು ಅಚ್ಚಿನಿಂದ ಬಿಡಿಸಲಿಲ್ಲ. ಹೊರಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆ ಎಳೆದು, ಗೆರೆಗಿಂತ ಎರಡು ಮಿಲಿಮೀಟರ್ ಹೊರಗೆ ಬ್ಲೇಡಿನಿಂದ ಬಿಡಿಸಿ, ಉಳಿದುದನ್ನು ಬಾಗಿದ ಕತ್ತರಿ ಮತ್ತು ಅರದಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತ ಪ್ರತಿ ಸಲವೂ ಬಾಡಿಗೆ ಹೊಂದಿಸಿ ನೋಡಿದೆ. ಸುತ್ತಿ ಬರುವ ಎರಡು ತುದಿಗಳನ್ನು ಮೊದಲು ಸರಿಪಡಿಸಿ ಮೇಲಂಚನ್ನು ಕೊನೆಗೆ ಬಿಟ್ಟುಕೊಳ್ಳುವುದು ಒಳ್ಳೆಯದು. ತುದಿಗಳು ಹೆಚ್ಚು ಇಳಿದರೆ ಮರೆಮಾಡಲು ಅಲ್ಲಿ ಜಾಗವೇ ಇಲ್ಲ, ಮೇಲಂಚಿಗೆ ಛಾವಣಿಯ ಒಳಬದಿಯ ಆಸರೆ ಇದೆ.

ಹಿಂಬದಿಯ ಗಾಜನ್ನು ಉಳಿಸಿಕೊಂಡದ್ದು

ಹಿಂಬದಿಯ ದೊಡ್ಡ ಗಾಜನ್ನು ಮಾತ್ರ ಬದಲಿಸಲಿಲ್ಲ. ಅದರ ಅಂಚುಗಳೆಲ್ಲ ಬಾಡಿಯ ಹಿಂದೆ ಅಡಗುತ್ತವೆ, ಗೀರುಗಳು ಆಳವಾಗಿಲ್ಲ, ಪೋಲರಾಯ್ಡ್ ಪರೀಕ್ಷೆಯಲ್ಲಿ ಪಟ್ಟೆಗಳು ಮಂದವಾಗಿಯೇ ಕಂಡವು. ನೀರು ಹಾಕಿ 2000 ಗ್ರಿಟ್ಟಿನಿಂದ ಗೀರುಗಳು ಮರೆಯಾಗುವವರೆಗೆ ಉಜ್ಜಿ, ಆಮೇಲೆ ಬಟ್ಟೆಯ ಬೆನ್ನಿನ ನುಣುಪು ಹಾಳೆಗಳಲ್ಲಿ 3200ರಿಂದ 12000ದವರೆಗೆ ಒಂದೊಂದೇ ಮೆಟ್ಟಿಲು ಏರಿದೆ. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ ಹಿಂದಿನ ಹಂತದ ಗೀರು ಉಳಿದಿದೆಯೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಪಾಲಿಸ್ಟೈರೀನ್ ಘರ್ಷಣೆಯ ಶಾಖಕ್ಕೇ ಮೆದುವಾಗುವುದರಿಂದ ಯಂತ್ರದಿಂದ ಪಾಲಿಶ್ ಮಾಡುವುದು ಬೇಡ, ಬೆರಳೇ ಸಾಕು. ಕೊನೆಗೆ ಅಕ್ರಿಲಿಕ್ ನೆಲಪಾಲಿಶ್ ದ್ರವದಲ್ಲಿ ಅದ್ದಿ, ಅಂಚಿನಲ್ಲಿ ನಿಂತ ಹನಿಯನ್ನು ಕಾಗದಕ್ಕೆ ಹೀರಿಸಿ, ಧೂಳು ಬೀಳದಂತೆ ಡಬ್ಬಿ ಮುಚ್ಚಿ ಒಣಗಿಸಿದೆ. ಉಳಿದ ಸೂಕ್ಷ್ಮ ಗೀರುಗಳಲ್ಲಿದ್ದ ಗಾಳಿಯ ಜಾಗವನ್ನು ಅಕ್ರಿಲಿಕ್ ತುಂಬುತ್ತದೆ. ಅದರ ವಕ್ರೀಭವನ ಸೂಚ್ಯಂಕ ಪಾಲಿಸ್ಟೈರೀನಿಗೆ ಗಾಳಿಗಿಂತ ಎಷ್ಟೋ ಹತ್ತಿರವಾದ್ದರಿಂದ ಬೆಳಕು ಅಲ್ಲಿ ಚದುರುವುದಿಲ್ಲ. ಲೇಪ ಸರಿಬಾರದಿದ್ದರೆ ಅಮೋನಿಯ ಇರುವ ಗಾಜು ಒರೆಸುವ ದ್ರವದಿಂದ ತೆಗೆದು ಮತ್ತೆ ಅದ್ದಬಹುದು.

ಅಂಟಿನ ವಿಷಯ

ವಸ್ತುವಿನ ಆಯ್ಕೆಯಷ್ಟೇ ಎಚ್ಚರ ಅಂಟಿನ ಆಯ್ಕೆಗೂ ಬೇಕು. ಸೂಪರ್‌ಗ್ಲೂ ಗಟ್ಟಿಯಾಗುವಾಗ ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಸುತ್ತಲಿನ ಮೇಲ್ಮೈಯಲ್ಲಿ ಬಿಳಿ ಹಬೆಯಾಗಿ ಕೂರುತ್ತದೆ. ಮುಚ್ಚಿದ ಕಾರಿನೊಳಗಂತೂ ಆ ಆವಿಗೆ ಹೊರಹೋಗಲು ದಾರಿಯಿಲ್ಲದೆ ಎಲ್ಲ ಗಾಜುಗಳ ಒಳಮೈಯೂ ಮಸುಕಾಗುತ್ತದೆ. ಕಿಟ್‌ಗಳಿಗೆ ಬಳಸುವ ದ್ರಾವಕದ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ಪಿಇಟಿಜಿಗೆ ಅದನ್ನು ನಂಬುವಂತಿಲ್ಲ. ಆದ್ದರಿಂದ ಎಲ್ಲ ಗಾಜುಗಳಿಗೂ ಒಣಗಿದಾಗ ತಿಳಿಯಾಗುವ ಪಿವಿಎ ಜಾತಿಯ ಅಂಟನ್ನೇ ಬಳಸಿದೆ. ಪಿಇಟಿಜಿಯ ನುಣುಪಾದ ಮೈಗೆ ಅದರ ಹಿಡಿತ ಬಲವಾದದ್ದಲ್ಲ. ಹೀಗಾಗಿ ಬಾಡಿಯ ಹಿಂದೆ ಅಡಗುವ ಒಂದು ಮಿಲಿಮೀಟರ್ ಅಂಚನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ ಅಂಟು ಹಚ್ಚಿದೆ. ವಿಂಡ್‌ಶೀಲ್ಡನ್ನು ಒಣಗುವವರೆಗೆ ಟೇಪಿನಿಂದ ಹಿಡಿದಿಟ್ಟೆ. ಹೊರಗೆ ಒಸರಿದ ಅಂಟನ್ನು ಒಣಗುವ ಮೊದಲು ನೀರು ನೆನೆಸಿದ ಹತ್ತಿಯ ಕಡ್ಡಿಯಿಂದ ಒರೆಸಬಹುದೆಂಬುದು ಈ ಅಂಟಿನ ದೊಡ್ಡ ಉಪಕಾರ.

ಹೆಡ್‌ಲೈಟ್‌ಗಳು

ಅಮೆರಿಕದಲ್ಲಿ 1940ರ ಮಾದರಿಗಳಿಂದ ಸೀಲ್ಡ್ ಬೀಮ್ ದೀಪಗಳು ಬಂದವು. ಅವುಗಳಲ್ಲಿ ಮಸೂರ, ಪ್ರತಿಫಲಕ, ತಂತು ಎಲ್ಲವೂ ಬೇರ್ಪಡಿಸಲಾಗದ ಒಂದೇ ಘಟಕ. 1983ರಲ್ಲಿ ನಿಯಮ ಸಡಿಲವಾಗುವವರೆಗೂ ಅಲ್ಲಿ ಇವೇ ನಡೆದವು. ಪಾಲಿಕಾರ್ಬನೇಟ್ ಮಸೂರದ, ಕಾರಿನ ಮೂತಿಯ ಆಕಾರಕ್ಕೆ ಹೊಂದುವ ಹೆಡ್‌ಲೈಟ್‌ಗಳು ಅಲ್ಲಿನ ಕಾರುಗಳಿಗೆ ಬಂದದ್ದು ಆ ಬಳಿಕವೇ. ಆದ್ದರಿಂದ ಹೊಸ ಕಾಲದ ಕಾರಿನ ಮಾದರಿಗೆ ನುಣುಪಾದ ತೆಳು ಹೊದಿಕೆ ಸರಿಯಾದರೆ, 1959ರ ಕಾರಿಗೆ ಗೆರೆಗಳನ್ನು ಮೂಡಿಸಿದ, ತುಸು ಉಬ್ಬಿದ ಗಾಜಿನ ಮಸೂರ ಬೇಕು. ಇಂಪಾಲಾದ ನಾಲ್ಕು ದೀಪಗಳೂ ಐದು ಮುಕ್ಕಾಲು ಇಂಚು, ಎಂದರೆ 146 ಮಿ.ಮೀ. ವ್ಯಾಸದವು, ನಮ್ಮ ಅಳತೆಯಲ್ಲಿ 5.8 ಮಿ.ಮೀ.

ಉಳಿದಿದ್ದ ಎರಡು ಮಸೂರಗಳನ್ನು ಬಳಸಲಿಲ್ಲ. ನಾಲ್ಕೂ ಒಂದೇ ಬಗೆಯಾಗಿ ಕಾಣಬೇಕೆಂಬುದು ಒಂದು ಕಾರಣ. ಅವುಗಳ ಹಿಂದಿರುವ, ತೂತಿಗೆ ಸಿಕ್ಕಿಸುವ ಮೊಳೆಯಂತಹ ಭಾಗ ಮುಂದಿನಿಂದ ಕಪ್ಪು ಚುಕ್ಕೆಯಾಗಿ ಕಾಣುವುದು ಇನ್ನೊಂದು. ಇಲ್ಲಿ ನನ್ನ ಆಯ್ಕೆ 6 ಮಿ.ಮೀ. ಅಕ್ರಿಲಿಕ್ ಕಡ್ಡಿ. ಮಸೂರಕ್ಕೆ ತೆಳು ಹಾಳೆಯ ಅಗತ್ಯವಿಲ್ಲ, ಚೆನ್ನಾಗಿ ಪಾಲಿಶ್ ಹಿಡಿಯುವ ಗಟ್ಟಿ ವಸ್ತು ಬೇಕು, ಮತ್ತು ಆ ಗುಣದಲ್ಲಿ ಅಕ್ರಿಲಿಕ್ ಉಳಿದೆಲ್ಲಕ್ಕಿಂತ ಮೇಲು. ಅದರ ಸೂಚ್ಯಂಕ 1.49, ಗಾಜಿನ 1.52ಕ್ಕೆ ತೀರ ಸಮೀಪ. ಬೆಳಕಿಗೆ ಒಡ್ಡಿದರೂ ಹಳದಿಯಾಗುವುದು ಬಹಳ ಕಡಿಮೆ. ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತ ವ್ಯಾಸವನ್ನು 5.8ಕ್ಕೆ ಇಳಿಸಿ, ತುದಿಯನ್ನು ಸ್ವಲ್ಪ ಉಬ್ಬಾಗಿಸಿ, ನೀರು ಹಾಕುತ್ತ ಪಾಲಿಶ್ ಮಾಡಿದೆ. ಆಮೇಲೆ ಸಣ್ಣ ಹಲ್ಲಿನ ಗರಗಸದಿಂದ ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಕೊಯ್ದು ಹಿಂಬದಿಯನ್ನು ಸಮತಟ್ಟು ಮಾಡಿ, 0.3 ಮಿ.ಮೀ. ಅಂತರದಲ್ಲಿ ಬ್ಲೇಡಿನ ಬೆನ್ನಿನಿಂದ ಲಂಬ ಗೆರೆಗಳನ್ನು ಎಳೆದೆ. ನಿಜವಾದ ಮಸೂರದಲ್ಲೂ ಗೆರೆಗಳು ಒಳಬದಿಯಲ್ಲಿದ್ದು ಹೊರಮೈ ನುಣುಪಾಗಿರುತ್ತದೆ. ಕೊಯ್ದ, ಉಜ್ಜಿದ ಅಕ್ರಿಲಿಕ್ಕನ್ನು ಆಲ್ಕೋಹಾಲಿನಿಂದ ಒರೆಸಬಾರದು. ಕೆಲಸದ ಒತ್ತಡ ಒಳಗುಳಿದಿರುವುದರಿಂದ ಸೂಕ್ಷ್ಮ ಬಿರುಕುಗಳ ಬಲೆ ಮೂಡುತ್ತದೆ. ಸಾಬೂನು ನೀರು ಸಾಕು.

ಮಸೂರದ ಹಿಂದೆ ಇರುವುದು ಮಸೂರದಷ್ಟೇ ಮುಖ್ಯ. ಕಿಟ್‌ನಲ್ಲಿ ದೀಪದ ಗುಳಿ ತೀರ ಆಳವಿಲ್ಲದ್ದು. ಗುಂಡು ತುದಿಯ ಕೊರಕದಿಂದ ಅದನ್ನು ಬಟ್ಟಲಾಗಿ ಕೊರೆದು, ಒಳಗೆ ಅಂಟುವ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಗುಂಡು ತುದಿಯ ಉಪಕರಣದಿಂದ ಒತ್ತಿ ನುಣುಪಾಗಿಸಿದೆ. ಈ ಬಟ್ಟಲಿಗೆ ಯುವಿ ರೆಸಿನ್ (ಅತಿನೇರಳೆ ಬೆಳಕು ಬಿದ್ದಾಗ ಗಟ್ಟಿಯಾಗುವ ದ್ರವ) ತುಂಬಿ ಮಸೂರವನ್ನೂ ಅದರಿಂದಲೇ ಮಾಡುವ ಪದ್ಧತಿ ಈಚೆಗೆ ಬಹಳ ಪ್ರಚಾರದಲ್ಲಿದೆ. ನಾನು ಅದನ್ನು ಇಲ್ಲಿ ಒಪ್ಪಲಿಲ್ಲ. ಸೂಚ್ಯಂಕ 1.5ರಷ್ಟಿರುವ ವಸ್ತು ತುಂಬಿದ ಗುಳಿಯ ಆಳ ಕಣ್ಣಿಗೆ ಮೂರನೆಯ ಎರಡರಷ್ಟೇ ಕಾಣುತ್ತದೆ: ಮೂರು ಮಿಲಿಮೀಟರ್ ಆಳದ ಬಟ್ಟಲು ಎರಡೇ ಮಿಲಿಮೀಟರಾಗಿ ತೋರುತ್ತದೆ. ಜೊತೆಗೆ ಮಸೂರದ ಹಿಂಬದಿಯ ಗೆರೆಗಳಿಗೆ ರೆಸಿನ್ ತಾಗಿದರೆ ಎರಡರ ಸೂಚ್ಯಂಕವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಗೆರೆಗಳೇ ಮಾಯವಾಗುತ್ತವೆ. ಗೆರೆ ಕಾಣಬೇಕಾದರೆ ಅದರ ಹಿಂದೆ ಗಾಳಿ ಇರಲೇಬೇಕು. ಆದ್ದರಿಂದ ಬಟ್ಟಲನ್ನು ಬರಿದಾಗಿ ಬಿಟ್ಟು, ಮಸೂರದ ಸುತ್ತಂಚಿಗೆ ಮಾತ್ರ ಪಿವಿಎ ಅಂಟಿನ ತೆಳು ಗೆರೆ ಹಚ್ಚಿ ಕೂರಿಸಿದೆ. ದೀಪವನ್ನು ಓರೆಯಾಗಿ ನೋಡಿದಾಗ ಗೆರೆಗಳ ಹಿಂದೆ ಬಟ್ಟಲಿನ ಹೊಳಪು ಚಲಿಸುವುದನ್ನು ಕಂಡು ಬಹಳ ಸಂತೋಷವಾಯಿತು.

ಮುಂದಿನ ಸಿಗ್ನಲ್ ದೀಪಗಳ ಬಗ್ಗೆ ಒಂದು ಮಾತು: ಅಮೆರಿಕದ ಕಾರುಗಳಲ್ಲಿ ಮುಂದಿನ ತಿರುವಿನ ದೀಪಗಳು ಕಿತ್ತಳೆಯಾದದ್ದು 1963ರ ಮಾದರಿಗಳಿಂದ. 1959ರ ಕಾರಿಗೆ ಅವು ಬಣ್ಣವಿಲ್ಲದ ಬಿಳಿಯಾಗಿಯೇ ಇರಬೇಕು.

ಹಿಂದಿನ ಕೆಂಪು ದೀಪಗಳು

ಬೆಕ್ಕಿನ ಕಣ್ಣೆಂದೇ ಹೆಸರಾದ 1959ರ ಶೆವ್ರೊಲೆಯ ಹಿಂದೀಪಕ್ಕೆ ಕಿಟ್‌ನಲ್ಲಿ ಕೊಟ್ಟಿರುವುದು ಕ್ರೋಮ್ ಲೇಪಿಸಿದ ಅಪಾರದರ್ಶಕ ಭಾಗ. ಮಸೂರದ ಜಾಗ ಸುತ್ತಲಿನ ಅಂಚಿಗಿಂತ ತುಸು ತಗ್ಗಾಗಿದೆ. ಹೆಡ್‌ಲೈಟ್‌ನಲ್ಲಿ ಬೇಡವೆಂದ ಯುವಿ ರೆಸಿನ್ ಇಲ್ಲಿ ಸೂಕ್ತವಾಯಿತು. ನೀರಿನ ಹನಿಯ ಆಕಾರದ ಈ ತಗ್ಗಿಗೆ ಹೊಂದುವ ಬಿಲ್ಲೆಯನ್ನು ಕೊರೆಯುವುದು ಕಷ್ಟ, ರೆಸಿನ್ ಆದರೋ ತಾನಾಗಿಯೇ ಅಂಚಿನವರೆಗೆ ಹರಿದು ಮೇಲ್ಮೈ ಸೆಳೆತದಿಂದ ಉಬ್ಬಿ ನಿಲ್ಲುತ್ತದೆ. ಒಳಗೆ ತೋರಿಸಬೇಕಾದ ಆಳವೂ ಇಲ್ಲ.

ರೆಸಿನ್‌ಗೇ ಕೆಂಪು ಬೆರೆಸುವುದಕ್ಕಿಂತ ಬಣ್ಣವನ್ನು ಅದರ ಅಡಿಯಲ್ಲಿಡುವುದು ಮೇಲೆಂದು ತೀರ್ಮಾನಿಸಿದೆ. ರೆಸಿನ್ ಗಟ್ಟಿಯಾಗುವುದು 365ರಿಂದ 405 ನ್ಯಾನೋಮೀಟರ್ ತರಂಗಾಂತರದ ಬೆಳಕಿನಿಂದ. ಕೆಂಪು ಬಣ್ಣ ಆ ಬೆಳಕನ್ನು ಹೀರಿಕೊಂಡರೆ ತಳ ಹಸಿಯಾಗಿಯೇ ಉಳಿಯುತ್ತದೆ. ಕ್ರೋಮ್ ಮೇಲೆ ತಮಿಯಾ ಎಕ್ಸ್-27 ಪಾರದರ್ಶಕ ಕೆಂಪನ್ನು ತೆಳು ಪದರಗಳಾಗಿ ಬಳಿದು, ಪೂರ್ತಿ ಒಣಗಲು ಬಿಟ್ಟು, ಅದರ ಮೇಲೆ ಬಣ್ಣವಿಲ್ಲದ ರೆಸಿನ್ ಹಾಕಿದೆ. ಬಣ್ಣದ ಗಾಢತೆಯನ್ನು ನಿರ್ಧರಿಸುವಾಗ ನೆನಪಿಡಬೇಕಾದ್ದೆಂದರೆ ಬೆಳಕು ಕೆಂಪನ್ನು ಹಾಯ್ದು ಕ್ರೋಮ್‌ಗೆ ಬಡಿದು ಮತ್ತೆ ಕೆಂಪನ್ನು ಹಾಯ್ದು ಹೊರಬರುತ್ತದೆ. ಎರಡು ಸಲ ಸೋಸುವುದರಿಂದ ಪಾರದರ್ಶಕ ಹಾಳೆಯ ಮೇಲೆ ಬಳಿದು ಬೆಳಕಿಗೆ ಹಿಡಿದಾಗ ಸರಿಯೆನಿಸುವ ಕೆಂಪಿನ ಅರ್ಧದಷ್ಟು ಗಾಢತೆ ಇಲ್ಲಿ ಸಾಕು. ಹಿಂದೆ ಪ್ರತಿಫಲಿಸುವ ಮೈ ಇಲ್ಲದಿದ್ದರೆ ಎಷ್ಟು ಒಳ್ಳೆಯ ಪಾರದರ್ಶಕ ಕೆಂಪೂ ಕಪ್ಪಾಗಿಯೇ ಕಾಣುತ್ತದೆ.

ರೆಸಿನ್ನನ್ನು ಅರ್ಧ ಮಿಲಿಮೀಟರಿನ ಪದರಗಳಲ್ಲಿ ಹಾಕಿ ಒಂದೊಂದನ್ನೂ ಬೇರೆಯಾಗಿ ಗಟ್ಟಿಗೊಳಿಸಿದೆ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಬಿಸಿಯೂ ಆಗುತ್ತದೆ. ಒಂದೇ ಸಲ ತುಂಬಿದರೆ ಅಂಚಿನಿಂದ ಬಿಟ್ಟುಕೊಳ್ಳಬಹುದು. ಗಾಳಿಯ ಆಮ್ಲಜನಕ ಮೇಲ್ಪದರ ಗಟ್ಟಿಯಾಗದಂತೆ ತಡೆಯುವುದರಿಂದ ಕೊನೆಗೆ ಉಳಿಯುವ ಜಿಗುಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಒರೆಸುವ ಬಟ್ಟೆ ಹತ್ತಿರದ ಅಕ್ರಿಲಿಕ್ ಮಸೂರಗಳಿಗೆ ತಾಗದಂತೆ ದೀಪಗಳನ್ನು ಕಾರಿಗೆ ಜೋಡಿಸುವ ಮೊದಲೇ ಈ ಕೆಲಸ ಮುಗಿಸಿಕೊಂಡೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಬೆಳೆಯುತ್ತದೆ, ಹೀಗಾಗಿ ನೈಟ್ರೈಲ್ ಕೈಗವಸು ಕಡ್ಡಾಯ.

ಈಗ ವಿಂಡ್‌ಶೀಲ್ಡಿನ ಸುತ್ತ ಕ್ರೋಮ್ ಪಟ್ಟಿಯ ಫಾಯಿಲ್ ಹಚ್ಚುವುದಷ್ಟೇ ಬಾಕಿಯಿದೆ. ಉಳಿದ ಹಾಳೆಯ ತುಂಡುಗಳನ್ನು ಒಂದೊಂದು ಲಕೋಟೆಗೆ ಹಾಕಿ, ಮೇಲೆ ವಸ್ತುವಿನ ಹೆಸರು, ದಪ್ಪ, ಯಾವ ಅಂಟು ಹಿಡಿಯಿತು ಎಂಬುದನ್ನು ಬರೆದಿಟ್ಟಿದ್ದೇನೆ. ಎಪಾಕ್ಸಿ ಅಚ್ಚನ್ನೂ ಅದೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಇದೇ ಬಾಡಿಯ ಇನ್ನೊಂದು ಕಾರಿಗೆ ವಿಂಡ್‌ಶೀಲ್ಡ್ ಬೇಕಾದರೆ ಹಾಳೆ ಕಾಯಿಸುವಲ್ಲಿಂದಲೇ ಕೆಲಸ ಆರಂಭಿಸಬಹುದು.